ವಿನ್ನಿಪೆಗ್‌ನ ಪಟ್ಟಿ, ಪೆರ್ಲದ ಮಳೆ: ಒಂದು ಮಳೆಗಾಲ ಪೂರ್ತಿ ನಿಂತ ಕಾರಿನ ಪ್ರಕರಣ

ಕಾಸರಗೋಡು ಜಿಲ್ಲೆಯಲ್ಲಿ ಮಳೆಗಾಲ ಪೂರ್ತಿ ಒಂದೇ ಕಡೆ ನಿಲ್ಲುವ ಕಾರುಗಳು ಬೇಕಾದಷ್ಟಿವೆ. ಗಲ್ಫಿನಲ್ಲಿರುವವರದ್ದು, ಮಕ್ಕಳ ಮನೆಗೆಂದು ಬೆಂಗಳೂರಿಗೆ ಹೋದವರದ್ದು, ವಯಸ್ಸಾಯಿತೆಂದು ಡ್ರೈವಿಂಗ್ ಬಿಟ್ಟವರದ್ದು. ಮೇ ಕೊನೆಗೆ ಚೆನ್ನಾಗಿಯೇ ಇದ್ದ ಕಾರು ಅಕ್ಟೋಬರಿನಲ್ಲಿ ಸ್ಟಾರ್ಟ್ ಆಗುವುದಿಲ್ಲ. ಒಳಗೆ ಬೂಷ್ಟು, ಬಾನೆಟ್ ಕೆಳಗೆ ಇಲಿಯ ಸಂಸಾರ. ಆಮೇಲೆ ಗ್ಯಾರೇಜಿನವರ ಬಿಲ್ಲು ನೋಡಿ ಬೈದುಕೊಳ್ಳುವುದು. ಇಲ್ಲಿ ಬರೆದಿರುವುದು ಅಂಥ ಒಂದು ಕಾರಿನ ಕಥೆ. ಅದನ್ನು ನಿಲ್ಲಿಸಿದ್ದು ಪೆರ್ಲದ ಹತ್ತಿರ, ನನ್ನ ಮಾವನ ಮನೆಯಲ್ಲಿ. ನೋಡಿಕೊಂಡದ್ದು ನಾನು. ಹೇಗೆ ನಿಲ್ಲಿಸಬೇಕೆಂಬ ಪಟ್ಟಿ ಬಂದದ್ದು ಮಾತ್ರ ಕೆನಡಾದಿಂದ.

ಹೆಂಡತಿಯ ಅಣ್ಣ, ಅಂದರೆ ಭಾವ, ಇರುವುದು ವಿನ್ನಿಪೆಗ್‌ನಲ್ಲಿ. ಮೊಮ್ಮಗು ಹುಟ್ಟುವ ಹೊತ್ತಿಗೆ ಅಲ್ಲಿರಬೇಕೆಂದು ಮಾವ, ಅತ್ತೆ ಇಬ್ಬರೂ ಮೇ ಕೊನೆಗೆ ಹೊರಟರು. ಅಲ್ಲಿ ಚಳಿ ಶುರುವಾಗುವ ಮೊದಲು, ಅಕ್ಟೋಬರಿನಲ್ಲಿ ವಾಪಸ್. ಅಷ್ಟು ದಿನ ಕಾರು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಸಣ್ಣ ಪೆಟ್ರೋಲ್ ಕಾರು, ಮಾವ ಅಂಗಡಿಗೆ, ದೇವಸ್ಥಾನಕ್ಕೆ, ಬದಿಯಡ್ಕದ ಡಾಕ್ಟರ ಹತ್ತಿರಕ್ಕೆ ಓಡಿಸುತ್ತಿದ್ದದ್ದು. ಹೆಚ್ಚು ಓಡಿಲ್ಲ, ಆದರೆ ಮಾವನಿಗೆ ಅದರ ಮೇಲೆ ಪ್ರೀತಿ ಜಾಸ್ತಿ. "ನೀ ಚಿಂತೆ ಮಾಡೆಡ ಭಾವ, ಇಲ್ಲಿ ಎಲ್ಲರೂ ಆರು ತಿಂಗಳು ಕಾರು ನಿಲ್ಲಿಸ್ತವು, ಆನು ಲಿಸ್ಟ್ ಕಳಿಸುತ್ತೆ" ಎಂದು ಭಾವ ಫೋನಿನಲ್ಲಿ ಹೇಳಿದ. ಅದೇ ರಾತ್ರಿ ಕಳಿಸಿಯೂ ಕಳಿಸಿದ.

ಪಟ್ಟಿಯಲ್ಲಿ ಏನಿತ್ತು

ವಿನ್ನಿಪೆಗ್‌ನಲ್ಲಿ ಜನವರಿಯ ರಾತ್ರಿ ಮೈನಸ್ 20ರ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಕರೆಂಟಿನ ಪ್ಲಗ್ ಇರುತ್ತದಂತೆ. ಇಂಜಿನ್ನಿಗೆ ಒಂದು ಹೀಟರ್ ಕೂಡಿಸಿರುತ್ತಾರೆ, ರಾತ್ರಿ ಅದನ್ನು ಪ್ಲಗ್ಗಿಗೆ ಹಾಕದಿದ್ದರೆ ಬೆಳಿಗ್ಗೆ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗುವುದೇ ಕಷ್ಟ. ಹೀಗಾಗಿ ಬೇಸಿಗೆಗೆ ಮಾತ್ರ ಓಡಿಸುವ ಒಳ್ಳೆಯ ಕಾರುಗಳನ್ನು ಅಲ್ಲಿಯವರು ನವೆಂಬರಿನಿಂದ ಏಪ್ರಿಲ್‌ವರೆಗೆ ಗ್ಯಾರೇಜಿನಲ್ಲಿ ಮಲಗಿಸಿಬಿಡುತ್ತಾರೆ. ಹಿಮ ಕರಗಿಸಲೆಂದು ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪು ಕಾರಿನ ಅಡಿಭಾಗವನ್ನು ತಿನ್ನುತ್ತದೆ. ಅದಕ್ಕೂ ಇದೇ ಪರಿಹಾರ.

ಭಾವನ ಪಟ್ಟಿ ಇಂಥ ಕಾರಿಗೆ ಮಾಡಿದ್ದು. ಅಡಿ ತೊಳೆದು ಉಪ್ಪು ತೆಗೆಯಿರಿ. ಆಯಿಲ್ ಬದಲಿಸಿ. ಟ್ಯಾಂಕ್ ತುಂಬಿಸಿ, ಪೆಟ್ರೋಲ್ ಕೆಡದ ಹಾಗೆ ಔಷಧ ಹಾಕಿ. ಕೂಲಂಟ್ ಮೈನಸ್ 35ರ ತನಕ ತಡೆಯುತ್ತದೆಯೇ ನೋಡಿ. ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿ ಹಾಗೇ ಬಿಡಿ. ಹ್ಯಾಂಡ್‌ಬ್ರೇಕ್ ಹಾಕಬೇಡಿ. ಟಯರಿಗೆ ಗಾಳಿ ಜಾಸ್ತಿ ಹಿಡಿಸಿ. ಸೈಲೆನ್ಸರ್ ಬಾಯಿಗೆ ಸ್ಟೀಲ್ ಉಣ್ಣೆ ತುರುಕಿ. ಕವರ್ ಹಾಕಿ. ಮಧ್ಯದಲ್ಲಿ ಸ್ಟಾರ್ಟ್ ಮಾಡಲೇಬೇಡಿ.

ಓದಿದಾಗ ನನಗೆ ಅನ್ನಿಸಿದ್ದು: ಪಟ್ಟಿ ತಪ್ಪಿಲ್ಲ, ಆದರೆ ಅದು ಶತ್ರುವೆಂದು ತಿಳಿದಿರುವುದು ಚಳಿಯನ್ನು. ನಮ್ಮಲ್ಲಿ ನೀರು ಗಡ್ಡೆ ಕಟ್ಟುವುದಿಲ್ಲ, ನೀರು ಹೋಗುವುದಿಲ್ಲ, ಅದೇ ಸಮಸ್ಯೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಜಿಲ್ಲೆ ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಒಣಗಹಾಕಿದ ಬಟ್ಟೆ ಮೂರನೇ ದಿನವೂ ತಣ್ಣಗೇ ಇರುತ್ತದೆ ಅಲ್ವಾ? ಅದೇ ಗಾಳಿ ಕಾರಿನ ಒಳಗೂ ಇರುವುದು. ಹಾಗಾಗಿ ಪಟ್ಟಿಯ ಒಂದೊಂದು ಸಾಲಿಗೂ ಒಂದೇ ಪ್ರಶ್ನೆ ಕೇಳಿದೆ: ಇದರಿಂದ ತೇವ ಹೊರಗೆ ಹೋಗುತ್ತದೆಯೋ, ಒಳಗೇ ಸಿಕ್ಕಿಬೀಳುತ್ತದೆಯೋ?

ಎಲ್ಲಿ ನಿಲ್ಲಿಸುವುದು

ಮೂರು ಜಾಗ ಲೆಕ್ಕಕ್ಕೆ ಬಂದವು. ನಮ್ಮ ಮನೆ ಡಾಂಬರು ರಸ್ತೆಯ ಬದಿಯಲ್ಲೇ ಇದೆ, ಕಾರು ಬೇಕೆಂದಾಗ ತೆಗೆಯಬಹುದು. ಆದರೆ ಪೋರ್ಟಿಕೋ ಇಲ್ಲ, ಅಂಗಳದಲ್ಲಿ ಟಾರ್ಪಾಲು ಕಟ್ಟಿ ನಿಲ್ಲಿಸಬೇಕು. ಕುಂಬಳೆಯಲ್ಲಿ ನೆಂಟರ ಮನೆಗೆ ಒಳ್ಳೆಯ ಪೋರ್ಟಿಕೋ ಇದೆ, ಅಲ್ಲಿಂದ ಕಡಲು ಕೂಗಿದರೆ ಕೇಳುವಷ್ಟು ಹತ್ತಿರ. ಮಳೆಗಾಲದ ಗಾಳಿಗೆ ಉಪ್ಪಿನ ಹನಿ ಮನೆಯ ಕಿಟಕಿಯ ಸರಳನ್ನೇ ತಿಂದಿದೆ. ಉಪ್ಪು ತೊಳೆಯಿರಿ ಎಂದು ಪಟ್ಟಿ ಹೇಳುವಾಗ ಕಾರನ್ನು ಉಪ್ಪಿನಲ್ಲೇ ನಿಲ್ಲಿಸುವುದು ಯಾಕೆ?

ಉಳಿದದ್ದು ಮಾವನ ಮನೆಯ ಶೆಡ್. ಹಳೆಯ ಹಟ್ಟಿಯ ಪಕ್ಕದಲ್ಲಿ ಹೆಂಚು ಹೊದೆಸಿದ್ದು, ಮೂರು ಕಡೆ ಮುರಕಲ್ಲಿನ ಗೋಡೆ, ಎದುರು ತೆರೆದದ್ದು. ಗಾಳಿ ಆಡುತ್ತದೆ, ಮಳೆ ಬೀಳುವುದಿಲ್ಲ. ತೊಂದರೆ ಒಂದೇ. ಮನೆಗೆ ಹೋಗುವ ಮಣ್ಣಿನ ದಾರಿ ತೋಡಿನ ಬದಿಯಲ್ಲಿ ಇಳಿದು ಮತ್ತೆ ಏರುತ್ತದೆ. ಮಳೆ ಹಿಡಿದ ಮೇಲೆ ಆ ಏರಿನಲ್ಲಿ ಜೀಪು ಬಿಟ್ಟರೆ ಬೇರೆ ಹತ್ತುವುದಿಲ್ಲ. ಅಂದರೆ ಅಲ್ಲಿ ಒಮ್ಮೆ ನಿಲ್ಲಿಸಿದರೆ ನವರಾತ್ರಿಯ ಹೊತ್ತಿಗೇ ಹೊರಗೆ. ನಡುನಡುವೆ ಓಡಿಸಿ ತರುವ ಆಸೆ ಬಿಡಬೇಕು. ಗಾಳಿ ಮತ್ತು ಸೂರು ಎರಡೂ ಇರುವ ಜಾಗ ಬೇರೆ ಇಲ್ಲದ್ದರಿಂದ ಶೆಡ್ಡೇ ಆಯಿತು.

ಶೆಡ್ಡಿನಲ್ಲಿ ಇದ್ದದ್ದನ್ನು ನೋಡಿದಾಗ ಕಾರಿಗಿಂತ ಮೊದಲು ಶೆಡ್ಡಿಗೇ ಸರ್ವೀಸ್ ಮಾಡಬೇಕೆಂದಾಯಿತು. ಒಂದು ಮೂಲೆಯಲ್ಲಿ ಅಡಿಕೆಯ ಗೋಣಿಗಳು. ಇನ್ನೊಂದು ಕಡೆ ಒಣ ಮಡಲು, ಸಿಪ್ಪೆ, ಒಂದಷ್ಟು ತೆಂಗಿನಕಾಯಿ. ಹಿಂದಿನ ಗೋಡೆಗೆ ಒರಗಿಸಿ ತೋಟಕ್ಕೆ ಮದ್ದು ಬಿಡುವ ಸಾಮಾನು: ಪ್ಲಾಸ್ಟಿಕ್ ಡ್ರಮ್ಮು, ಪಂಪು, ಮೈಲುತುತ್ತಿನ (ತಾಮ್ರದ ಸಲ್ಫೇಟಿನ) ಚೀಲ, ಸುಣ್ಣ.

ಈ ಮೈಲುತುತ್ತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆಗಾಲದ ಮೊದಲು ಒಂದು ಸಲ, ಆಮೇಲೆ ಸುಮಾರು 40 ದಿನ ಬಿಟ್ಟು ಮತ್ತೊಂದು ಸಲ ಬೋರ್ಡೋ ದ್ರಾವಣ ಬಿಡುವುದು ಎಲ್ಲರಿಗೂ ಗೊತ್ತು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ನೀರಿಗೆ ಕಬ್ಬಿಣ ತಾಗಿದರೆ ಏನಾಗುತ್ತದೆಂದು ಎಂಟನೇ ಕ್ಲಾಸಿನ ಮಕ್ಕಳಿಗೆ ನಾನೇ ಮೊಳೆ ಮುಳುಗಿಸಿ ತೋರಿಸಿದ್ದೇನೆ. ಮೊಳೆಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ತಾಮ್ರ ಕೂತ ಕಡೆ ಮುಂದೆ ತುಕ್ಕು ಹಿಡಿಯುವುದೂ ಬೇಗ. ಮಳೆ ಬಂತೆಂದು ಅರ್ಧ ಕಲಸಿದ ಡ್ರಮ್ಮನ್ನು ಶೆಡ್ಡಿನೊಳಗೆ ಎಳೆದು ಇಡುವುದು, ಅದು ಚೆಲ್ಲಿ ಕಾರಿನ ಅಡಿಗೆ ಹರಿಯುವುದು, ಮದ್ದು ಬಿಟ್ಟು ಬಂದ ಕೈಯಲ್ಲಿ ಕಾರಿಗೆ ಒರಗುವುದು, ಇವೆಲ್ಲ ಪ್ರತಿ ವರ್ಷ ನಡೆಯುವ ಸಂಗತಿಗಳೇ. ವಿನ್ನಿಪೆಗ್‌ನ ರಸ್ತೆ ಉಪ್ಪಿನ ಜಾಗದಲ್ಲಿ ನಮಗೆ ಇದು. ಮದ್ದು ಬಿಡಲು ಬರುವವರಿಗೆ ಹೇಳಿ ಎಲ್ಲವನ್ನೂ ಹಳೆಯ ಹಟ್ಟಿಗೆ ಸಾಗಿಸಿದೆವು. ಅಡಿಕೆ ಗೋಣಿ ಮನೆಯ ಅಟ್ಟಕ್ಕೆ ಹೋಯಿತು. ಮಡಲು, ಸಿಪ್ಪೆ ಬಚ್ಚಲ ಒಲೆಯ ಬದಿಗೆ. ತೆಂಗಿನಕಾಯಿ ಮಾರಿದೆವು. ಇಲಿಗೆ ಊಟ, ಹಾಸಿಗೆ ಎರಡೂ ಒಂದೇ ಕಡೆ ಇಟ್ಟು ಆಮೇಲೆ ಇಲಿ ಬಂತು ಎಂದರೆ ಆಗುತ್ತದೆಯೇ?

ನಿಲ್ಲಿಸುವ ಮೊದಲು

ಪೆರ್ಲದ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. ಪಟ್ಟಿ ನೋಡಿ ಮೊದಲು ನಕ್ಕ. "ಮಾಷ್ಟ್ರೆ, ಮೈನಸ್ ಮೂವತ್ತೈದು ಎಂತಕೆ ನಮಗೆ? ಫ್ರಿಜ್ಜಿನಲ್ಲಿ ಇಡ್ತೀರಾ ಕಾರನ್ನು?" ಆದರೂ ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡೋಣ ಎಂದೆ. ಒಳಗಿದ್ದದ್ದು ಚಹಾದ ಬಣ್ಣದ ನೀರು. ಮಾವ ಕಡಿಮೆಯಾದಾಗೆಲ್ಲ ಬಾವಿ ನೀರು ಹಾಕುತ್ತಾ ಬಂದಿದ್ದಾರೆ. ಕೂಲಂಟಿನಲ್ಲಿರುವ ಗ್ಲೈಕಾಲ್ ಸಮಪಾಲು ನೀರಿನೊಂದಿಗೆ ಸೇರಿದರೆ ಮೈನಸ್ 37ರ ತನಕ ಗಡ್ಡೆ ಕಟ್ಟುವುದಿಲ್ಲ. ಆ ಗುಣ ನಮಗೆ ಬೇಡ, ನಿಜ. ಆದರೆ ಅದೇ ಡಬ್ಬಿಯಲ್ಲಿ ತುಕ್ಕು ತಡೆಯುವ ರಾಸಾಯನಿಕವೂ ಇರುತ್ತದೆ, ಕುದಿಯುವ ಬಿಂದುವೂ ಏರುತ್ತದೆ. ಬರೀ ನೀರು ಇರುವ ಇಂಜಿನ್ ತಿಂಗಳುಗಟ್ಟಲೆ ನಿಂತರೆ ಒಳಗಿನ ದಾರಿಗಳೆಲ್ಲ ತುಕ್ಕು. ಹಳೆಯದನ್ನು ಪೂರ್ತಿ ಇಳಿಸಿ, ತೊಳೆದು, ಹೊಸ ಕೂಲಂಟ್ ತುಂಬಿಸಿದೆವು. ನಮಗೆ ಸಂಬಂಧವೇ ಇಲ್ಲ ಎಂದುಕೊಂಡ ಸಾಲೇ ಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಆಯಿಲ್ ಬದಲಿಸುವುದರಲ್ಲಿ ತಕರಾರಿರಲಿಲ್ಲ. ಓಡಿದ ಆಯಿಲಿನಲ್ಲಿ ತೇವವೂ ಆಮ್ಲವೂ ಸೇರಿಕೊಂಡಿರುತ್ತದೆ. ಅದನ್ನು ಐದು ತಿಂಗಳು ಇಂಜಿನ್ನಿನ ಹೊಟ್ಟೆಯಲ್ಲಿ ಇಡುವ ಬದಲು ಈಗಲೇ ತೆಗೆಯುವುದು ಒಳ್ಳೆಯದು. ಟ್ಯಾಂಕ್ ಪೂರ್ತಿ ತುಂಬಿಸಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆಯಿದ್ದಷ್ಟು ತೇವದ ಗಾಳಿಯೂ ಕಡಿಮೆ. ಪೆಟ್ರೋಲಿಗೆ ಹಾಕುವ ಔಷಧ ಬಿಟ್ಟುಬಿಟ್ಟೆ, ನಾಲ್ಕೈದು ತಿಂಗಳಿಗೆ ಅದು ಬೇಕೇಬೇಕು ಎಂದು ನನಗನ್ನಿಸಲಿಲ್ಲ.

ಅಡಿ ತೊಳೆಸುವಾಗ ಚಕ್ರದ ಮೇಲಿನ ಗೂಡುಗಳಿಂದ ಬಂದ ಕೆಂಪು ಮಣ್ಣು ಒಂದು ಬುಟ್ಟಿಯಷ್ಟಿತ್ತು. ಅದು ನೀರು ಹೀರಿಕೊಂಡು ಲೋಹಕ್ಕೆ ಅಂಟಿ ಕೂತಿರುತ್ತದೆ. ಗ್ಲಾಸಿನ ಬುಡದಲ್ಲಿ, ವೈಪರಿನ ಕೆಳಗೆ, ನೀರು ಇಳಿಯುವ ತೂತುಗಳನ್ನು ಹಲಸಿನ ಎಲೆ ಮುಚ್ಚಿತ್ತು, ತೆಗೆದೆವು. ತೊಳೆದ ಕಾರನ್ನು ನೇರ ಶೆಡ್ಡಿಗೆ ಹಾಕಲಿಲ್ಲ. ಎ.ಸಿ. ಹಾಕಿಕೊಂಡು ಬದಿಯಡ್ಕಕ್ಕೆ ಹೋಗಿ ಬಂದು, ಮ್ಯಾಟುಗಳನ್ನೆಲ್ಲ ತೆಗೆದು ಬಾಗಿಲು ತೆರೆದು ಎರಡು ದಿನ ಬಿಸಿಲಿಗೆ ಇಟ್ಟು, ಆಮೇಲೆ ಒಳಗೆ ಮಾಡಿದೆವು. ಮ್ಯಾಟು, ಸೀಟಿನ ಕವರು, ಡಿಕ್ಕಿಯ ಕಾರ್ಪೆಟ್ಟು, ಡ್ಯಾಶ್‌ಬೋರ್ಡಿನಲ್ಲಿದ್ದ ಮಾವನ ಹಳೆಯ ಟವೆಲು, ಎಲ್ಲ ಮನೆಯೊಳಗೆ. ಬಟ್ಟೆ ಇರುವಷ್ಟು ತೇವ ಹಿಡಿಯುತ್ತದೆ.

ನೆಲದಿಂದ ಬರುವ ತೇವಕ್ಕೆ ಅಡಿಕೆ ಮರ ಸೀಳಿದ ದಬ್ಬೆಯನ್ನು ಜೋಡಿಸಿ ಅದರ ಮೇಲೆ ಚಕ್ರ ನಿಲ್ಲಿಸಿದೆ. ಟಯರಿಗೆ ಕಂಪನಿ ಹೇಳಿದ್ದಕ್ಕಿಂತ ನಾಲ್ಕೈದು ಪಾಯಿಂಟು ಗಾಳಿ ಜಾಸ್ತಿ. ಹ್ಯಾಂಡ್‌ಬ್ರೇಕ್ ಹಾಕಲಿಲ್ಲ, ಫಸ್ಟ್ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಎರಡೂ ಬದಿಯಿಂದ ಮುರಕಲ್ಲಿನ ತುಂಡು ಕೊಟ್ಟೆ. ಹಿಂದಿನ ಚಕ್ರದ ಡ್ರಮ್ಮಿಗೆ ಬ್ರೇಕ್ ಶೂ ಅಂಟಿಕೊಂಡರೆ ಬಿಡಿಸಲು ಸುತ್ತಿಗೆಯೇ ಬೇಕಾಗುತ್ತದೆ. ವೈಪರ್ ರಬ್ಬರ್ ಗ್ಲಾಸಿಗೆ ಅಂಟದ ಹಾಗೆ ನಡುವೆ ಒಣ ಅಡಿಕೆ ಹಾಳೆಯ ಚೂರು.

ಬ್ಯಾಟರಿ ಲೆಕ್ಕ

ಪಟ್ಟಿಯಲ್ಲಿ ಬ್ಯಾಟರಿಗೆ ಚಾರ್ಜರ್ ಹಾಕಿ ಬಿಡಿ ಎಂದಿತ್ತು. ವಿನ್ನಿಪೆಗ್‌ನಲ್ಲಿ ಅದಕ್ಕೆ ಬಲವಾದ ಕಾರಣವಿದೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ 50ರ ತನಕವೂ ಗಡ್ಡೆ ಕಟ್ಟುವುದಿಲ್ಲ. ಖಾಲಿಯಾದ ಬ್ಯಾಟರಿಯಲ್ಲಿ ಆಮ್ಲ ನೀರಿನಷ್ಟೇ ತೆಳುವಾಗಿ, ಮೈನಸ್ 10 ಬರುವ ಮೊದಲೇ ಗಡ್ಡೆ ಕಟ್ಟಿ ಡಬ್ಬಿ ಒಡೆಯುತ್ತದೆ. ನಮ್ಮಲ್ಲಿ ಒಡೆಯುವ ಭಯವಿಲ್ಲ. ಆದರೆ ಒಂದು ವಿಚಿತ್ರ ನೋಡಿ: ತಾನಾಗಿ ಚಾರ್ಜ್ ಇಳಿಯುವುದು ಚಳಿಯಲ್ಲಿ ನಿಧಾನ, ಬಿಸಿಯಲ್ಲಿ ಬೇಗ. ಅಂದರೆ ಸುಮ್ನೆ ಇಟ್ಟ ಬ್ಯಾಟರಿ ನಮ್ಮ ಮಳೆಗಾಲದಲ್ಲಿ ಅವರ ಚಳಿಗಾಲಕ್ಕಿಂತ ಬೇಗ ಖಾಲಿಯಾಗುತ್ತದೆ.

ಅದರ ಮೇಲೆ ಕಾರು ಲಾಕ್ ಆಗಿದ್ದರೂ ಗಡಿಯಾರ, ಅಲಾರಂ, ಕಂಪ್ಯೂಟರ್ ಸ್ವಲ್ಪಸ್ವಲ್ಪ ಕರೆಂಟ್ ಕುಡಿಯುತ್ತಲೇ ಇರುತ್ತವೆ. 30 ಮಿಲಿಆಂಪ್ ಎಂದು ಇಟ್ಟುಕೊಳ್ಳಿ. ದಿನಕ್ಕೆ ಮುಕ್ಕಾಲು ಆಂಪ್-ಅವರ್ ಹತ್ತಿರ ಆಯಿತು. ಸಣ್ಣ ಕಾರಿನ 35 ಆಂಪ್-ಅವರ್ ಬ್ಯಾಟರಿ ಒಂದೂವರೆ ತಿಂಗಳಲ್ಲಿ ಬರಿದು. ಇಂಜಿನ್ ಎಳೆಯುವ ಶಕ್ತಿ ಅದಕ್ಕಿಂತ ಎಷ್ಟೋ ಮೊದಲೇ ಹೋಗಿರುತ್ತದೆ. ಬರಿದಾಗಿ ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಚಾರ್ಜ್ ಹಾಕಿದರೂ ಹಿಡಿಯುವುದಿಲ್ಲ.

ಚಾರ್ಜರನ್ನು ಶೆಡ್ಡಿನಲ್ಲಿ ಹಾಕಿ ಬಿಡುವುದಕ್ಕೆ ನಾನು ಒಪ್ಪಲಿಲ್ಲ. ಮನೆಯಲ್ಲಿ ಯಾರೂ ಇಲ್ಲ. ಹಗಲಿಗೆ ನಾಲ್ಕು ಸಲ ಕರೆಂಟ್ ಹೋಗಿ ಬರುತ್ತದೆ. ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ನಮ್ಮ ಕಡೆ ಸಿಡಿಲು ಹೇಗೆಂದು ಗೊತ್ತಲ್ಲ, ಟಿ.ವಿ.ಯ ಪ್ಲಗ್ ಕೀಳದೆ ಯಾರೂ ಮಲಗುವುದಿಲ್ಲ. ಹಾಗಾಗಿ ನೆಗೆಟಿವ್ ತಂತಿ ಬಿಚ್ಚಿ ಬಟ್ಟೆ ಸುತ್ತಿ ಬದಿಗೆ ಇಟ್ಟೆ. ಆಗಾಗ ಹೋದಾಗ ಮಲ್ಟಿಮೀಟರ್ ಹಿಡಿಯುವುದು, 12.4 ವೋಲ್ಟಿಗೆ ಇಳಿದರೆ ಬಿಚ್ಚಿ ನಮ್ಮ ಮನೆಗೆ ತಂದು ಚಾರ್ಜ್ ಮಾಡುವುದು ಎಂದು ತೀರ್ಮಾನ. ಇಡುವಾಗ 12.6 ಇತ್ತು. ಜುಲೈ ನಡುವಿಗೆ 12.4 ಆಯಿತು. ತಂದು, ಜಗಲಿಯಲ್ಲಿ ಗಾಳಿ ಆಡುವ ಕಡೆ ಚಾರ್ಜಿಗೆ ಇಟ್ಟೆ.

ಸ್ಟಾರ್ಟ್ ಮಾಡಬೇಕೋ ಬೇಡವೋ

ಅತಿ ಹೆಚ್ಚು ಚರ್ಚೆಯಾದದ್ದು ಇದು. ಮೆಕ್ಯಾನಿಕ್ಕಿನದ್ದು ಒಂದೇ ಮಾತು: "ವಾರಕ್ಕೊಂದು ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಇಡಿ ಮಾಷ್ಟ್ರೆ, ಬೇರೆ ಎಂತದೂ ಬೇಡ." ಊರಿನಲ್ಲಿ ಎಲ್ಲರೂ ಹೇಳುವುದು ಅದನ್ನೇ. ಭಾವನ ಪಟ್ಟಿ ಅದಕ್ಕೆ ನೇರ ವಿರುದ್ಧ.

ನಾನು ಪಟ್ಟಿಯ ಕಡೆಗೆ ನಿಂತೆ, ಕಾರಣ ನೀರು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೊರಗೆ ಬರುವ ಆವಿಯನ್ನು ತಣಿಸಿದಾಗ ಸುಮಾರು ಒಂದು ಲೀಟರ್ ನೀರೇ ಸಿಗುತ್ತದೆ. ಕೇಳಿದವರು ನಂಬುವುದಿಲ್ಲ, ಆದರೆ ಲೆಕ್ಕ ಹಾಕಿ ನೋಡಬಹುದು. ಕಾರು ಅರ್ಧ ಗಂಟೆ ಓಡಿದರೆ ಸೈಲೆನ್ಸರ್ ಕಾದು ಈ ನೀರೆಲ್ಲ ಆವಿಯಾಗಿಯೇ ಹೊರಗೆ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಗುರ್ರೆಂದರೆ ಸೈಲೆನ್ಸರ್ ಕಾಯುವುದಿಲ್ಲ, ನೀರು ಒಳಗೇ ಕೂರುತ್ತದೆ. ಒಂದಷ್ಟು ಆಯಿಲಿಗೂ ಸೇರುತ್ತದೆ. ಬ್ಯಾಟರಿಯಿಂದ ಸ್ಟಾರ್ಟಿಗೆ ತೆಗೆದಷ್ಟು ಕರೆಂಟು ಐದು ನಿಮಿಷದ ಐಡ್ಲಿಂಗಿನಲ್ಲಿ ವಾಪಸ್ ಬರುವುದೂ ಅನುಮಾನ. ತೇವವನ್ನು ಹೊರಗಿಡಲು ಇಷ್ಟೆಲ್ಲ ಕಷ್ಟಪಟ್ಟು, ವಾರವಾರ ಒಳಗಿನಿಂದಲೇ ನೀರು ತಯಾರಿಸುವುದು ಯಾವ ಲೆಕ್ಕ?

ಆಚೆ ಮನೆಯಲ್ಲಿ ಇದಕ್ಕೆ ಉದಾಹರಣೆ ಕಣ್ಣೆದುರೇ ಇತ್ತು. ಅವರು ಅಬುದಾಬಿಯಲ್ಲಿರುವವರು. ಕೆಲಸದವರು ತಪ್ಪದೆ ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡುತ್ತಿದ್ದರು. ಎರಡು ಮಳೆಗಾಲದಲ್ಲಿ ಸೈಲೆನ್ಸರಿನ ಹಿಂದಿನ ಡಬ್ಬಿ ತೂತಾಯಿತು, ಬ್ಯಾಟರಿಯೂ ಹೋಯಿತು. ಅದೊಂದೇ ಕಾರಣ ಎಂದು ಹೇಳಲಾಗದು, ಕಾರು ಹಳೆಯದು. ಆದರೆ ತೂತು ಬಿದ್ದದ್ದು ನೀರು ನಿಲ್ಲುವ ತಗ್ಗಿನಲ್ಲೇ.

ಓಡಿಸಲು ದಾರಿ ಇರುವವರಿಗೆ ನನ್ನ ಉತ್ತರ ಬೇರೆ. ಹದಿನೈದು ದಿನಕ್ಕೊಮ್ಮೆ ಹದಿನೈದಿಪ್ಪತ್ತು ಕಿಲೋಮೀಟರ್ ಎ.ಸಿ. ಹಾಕಿಕೊಂಡು ಓಡಿಸಿ. ಪಟ್ಟಿಗಿಂತ ಅದು ನೂರು ಪಾಲು ಒಳ್ಳೆಯದು. ಬ್ರೇಕ್ ಡಿಸ್ಕಿನ ತುಕ್ಕು ಹೋಗುತ್ತದೆ, ಟಯರ್ ತಿರುಗುತ್ತದೆ, ಎ.ಸಿ. ಒಳಗಿನ ತೇವ ಹೀರುತ್ತದೆ. ಹಿಮ ಬಿದ್ದು ಉಪ್ಪು ಚೆಲ್ಲಿದ ಊರಿನವರಿಗೆ ಆ ಅವಕಾಶ ಇಲ್ಲ. ನಮಗೂ ಆ ತೋಡಿನ ದಾರಿಯಿಂದ ಇರಲಿಲ್ಲ. ನಡುವಿನ ದಾರಿ, ಅಂದರೆ ನಿಂತಲ್ಲೇ ಸ್ಟಾರ್ಟ್ ಮಾಡುವುದು, ಎರಡಕ್ಕಿಂತಲೂ ಕೆಟ್ಟದ್ದು. ಹೋದಾಗೆಲ್ಲ ನಾನು ಮಾಡುತ್ತಿದ್ದದ್ದು ಇಷ್ಟೇ: ಕ್ಲಚ್ ಪೆಡಲ್ ಹತ್ತು ಸಲ ಒತ್ತುವುದು, ಕಲ್ಲು ತೆಗೆದು ನ್ಯೂಟ್ರಲ್‌ನಲ್ಲಿ ಕಾರನ್ನು ಒಂದು ಗೇಣು ದೂಡಿ ಟಯರಿನ ಬೇರೆ ಭಾಗ ನೆಲಕ್ಕೆ ತರುವುದು, ನಾಲ್ಕೂ ಬಾಗಿಲು ತೆರೆದು ಗಾಳಿ ಬಿಡುವುದು.

ಇಲಿ ಮತ್ತು ಟಾರ್ಪಾಲು

ಇಷ್ಟಾದರೂ ಎರಡು ಪೆಟ್ಟು ಬಿದ್ದೇ ಬಿತ್ತು.

ಮೊದಲನೆಯದು ಬ್ಯಾಟರಿ ಚಾರ್ಜಿಗೆ ತಂದ ಸಮಯದಲ್ಲಿ. ಇಲಿಗೆಂದು ಬಾನೆಟ್ ಒಳಗೆ ಹೊಗೆಸೊಪ್ಪಿನ ಕಟ್ಟು ಇಟ್ಟಿದ್ದೆವು. ಟ್ಯಾಕ್ಸಿಯವರೆಲ್ಲ ಇಡುತ್ತಾರೆ, ಮೆಕ್ಯಾನಿಕ್ಕಿನ ಸಲಹೆಯೂ ಅದೇ. ಬ್ಯಾಟರಿ ವಾಪಸ್ ತೆಗೆದುಕೊಂಡು ಹೋಗಿ ಬಾನೆಟ್ ಎತ್ತಿದರೆ, ಬ್ಯಾಟರಿ ಕೂರುವ ತಟ್ಟೆಯಲ್ಲೇ ಗೂಡು. ತೆಂಗಿನ ನಾರು, ಹಾಳೆಯ ಚೂರು, ಬಾನೆಟ್ ಅಡಿಗೆ ಅಂಟಿಸಿರುವ ಸ್ಪಂಜಿನ ಕಪ್ಪು ತುಣುಕು, ಎರಡು ಸುಲಿದ ಅಡಿಕೆಯ ಹೋಳು. ಪಕ್ಕದಲ್ಲೇ ಹೊಗೆಸೊಪ್ಪು, ಅದರ ಮೇಲೆ ಬೂದು ಬಣ್ಣದ ಬೂಷ್ಟು. ಒಣಗಿದ್ದಾಗ ಘಾಟು ಇರುವ ಸೊಪ್ಪು ಆಟಿ ತಿಂಗಳಲ್ಲಿ ಬರೀ ಒದ್ದೆ ಎಲೆ. ಇಲಿಗೆ ಅದು ಲೆಕ್ಕಕ್ಕೇ ಇಲ್ಲ. ಗ್ಲಾಸಿಗೆ ನೀರು ಚಿಮ್ಮುವ ಪೈಪನ್ನು ಕಡಿದಿತ್ತು, ಇಂಜೆಕ್ಟರಿಗೆ ಹೋಗುವ ಒಂದು ತಂತಿಯ ಮೇಲಿನ ಹೊದಿಕೆ ಕೆರೆದಿತ್ತು. ಇಲಿಯ ಮುಂದಿನ ಹಲ್ಲು ಜೀವನ ಪೂರ್ತಿ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿಯದೆ ಅದಕ್ಕೆ ಗತಿಯಿಲ್ಲ.

ಆಮೇಲೆ ಮಾಡಿದ್ದು ಬಾನೆಟ್ಟನ್ನು ಕಡ್ಡಿ ಕೊಟ್ಟು ತೆರೆದೇ ಇಟ್ಟದ್ದು. ಇಲಿಗೆ ಬೇಕಾದದ್ದು ಕತ್ತಲೆ, ಬೆಚ್ಚಗೆ, ಮುಚ್ಚಿದ ಜಾಗ. ತೆರೆದ ಬಾನೆಟ್ ಅಡಿಯಲ್ಲಿ ಅದು ಗೂಡು ಕಟ್ಟಲು ಮನಸ್ಸು ಮಾಡುವುದಿಲ್ಲ. ತೇವಕ್ಕೂ ಅದು ಒಳ್ಳೆಯದೇ. ಸುಟ್ಟ ಕೊಬ್ಬರಿ ಸಿಕ್ಕಿಸಿ ಎರಡು ಬೋನು ಗೋಡೆಯ ಬುಡಕ್ಕೆ ಇಟ್ಟೆ. ಪಾಷಾಣ ಇಡಲಿಲ್ಲ. ಪಾಷಾಣ ತಿಂದ ಇಲಿ ಎ.ಸಿ.ಯ ಗಾಳಿದಾರಿಯೊಳಗೆ ಹೋಗಿ ಸತ್ತರೆ ಡ್ಯಾಶ್‌ಬೋರ್ಡ್ ಬಿಚ್ಚದೆ ವಾಸನೆ ಹೋಗುವುದಿಲ್ಲ. ಗ್ಲಾಸಿನ ಬುಡದ ಗಾಳಿ ತೂತಿಗೂ ಸೈಲೆನ್ಸರಿನ ಬಾಯಿಗೂ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಕಟ್ಟಿದೆ. ಪಟ್ಟಿಯಲ್ಲಿ ಹೇಳಿದ ಸ್ಟೀಲ್ ಉಣ್ಣೆ ನಮ್ಮ ಹವೆಗೆ ವಾರದಲ್ಲಿ ತುಕ್ಕಿನ ಮುದ್ದೆ.

ಎರಡನೆಯದು ಪ್ರೀತಿಯಿಂದ ಬಂದ ಪೆಟ್ಟು. ಆಗಸ್ಟಿನಲ್ಲಿ ಗಾಳಿಮಳೆಗೆ ಶೆಡ್ಡಿನ ಎರಡು ಹೆಂಚು ಸರಿದು ಕಾರಿನ ತಲೆಯ ಮೇಲೆ ತೊಟ್ಟಿಕ್ಕಲು ಶುರುವಾಯಿತು. ಪಕ್ಕದಲ್ಲೇ ಇರುವ ಮಾವನ ತಮ್ಮ, ನಮಗೆಲ್ಲ ಚಿಕ್ಕಪ್ಪ, ಅದನ್ನು ನೋಡಿ ಬಾನೆಟ್ ಮುಚ್ಚಿ, ಅಂಗಳದ ಅಡಿಕೆಗೆ ಹೊದೆಸುವ ಟಾರ್ಪಾಲನ್ನು ಕಾರಿಗೆ ಹೊದೆಸಿ, ನೆಲದ ತನಕ ಎಳೆದು ಹಗ್ಗದಲ್ಲಿ ಬಿಗಿದು ಕಟ್ಟಿದರು. "ಕಾರು ಒಂದು ಹನಿ ಒದ್ದೆಯಾಗದ್ದ ಹಾಂಗೆ ಕಟ್ಟಿದ್ದೆ" ಎಂದು ಫೋನಿನಲ್ಲಿ ಹೇಳಿದರು. ಹೋಗಿ ಬಿಚ್ಚಿದಾಗ ಟಾರ್ಪಾಲಿನ ಒಳಮೈಯಲ್ಲಿ ನೀರಿನ ಹನಿ ಸಾಲಾಗಿ ಕೂತಿತ್ತು. ನೆಲದಿಂದ ಎದ್ದ ತೇವ ಹೋಗಲು ದಾರಿಯಿಲ್ಲದೆ ಅಲ್ಲೇ ತಣಿದಿತ್ತು. ಬಾಗಿಲು ತೆರೆದರೆ ಸ್ಟಿಯರಿಂಗಿನ ಮೇಲೆ, ಮಾವನ ಕೈ ತಾಗಿ ನಯವಾದ ಜಾಗದಲ್ಲೇ, ಬಿಳಿ ಬೂಷ್ಟು ಹಿಟ್ಟು ಉದುರಿಸಿದಂತೆ. ಸೀಟ್ ಬೆಲ್ಟಿನ ಮೇಲೆ ಹಸಿರು ಚುಕ್ಕೆ. ಬೆವರು, ಎಣ್ಣೆ ತಾಗಿದ ಜಾಗವನ್ನೇ ಅದು ಹುಡುಕಿ ಹಿಡಿಯುತ್ತದೆ. ಹೊಲಿಗೆಯ ಸಂದಿ, ಗೇರಿನ ತಲೆ, ಡ್ರೈವರ್ ಸೀಟಿನ ಅಂಚು ಎಲ್ಲ ಹಾಗೆಯೇ. ಪ್ಯಾಸೆಂಜರ್ ಸೀಟು ಹೆಚ್ಚುಕಡಿಮೆ ಸ್ವಚ್ಛ.

ಹಿರಿಯರಿಗೆ ಎಂತ ಹೇಳುವುದು? ಟಾರ್ಪಾಲು ಮಡಚಿ ಇಟ್ಟು, ಹೆಂಚು ಸರಿ ಮಾಡಿಸಿ, ಕಾರಿನ ಮೇಲೆ ಹಳೆಯ ಹತ್ತಿ ಬೆಡ್‌ಶೀಟ್ ಮಾತ್ರ ಹಾಕಿದೆ, ಅದೂ ಧೂಳಿಗೆ. ಬೂಷ್ಟನ್ನು ಒಣ ಬಟ್ಟೆಯಿಂದ ಉಜ್ಜಿದರೆ ಬೀಜ ಗಾಳಿಯಲ್ಲಿ ಹಾರಿ ಇನ್ನೊಂದು ಕಡೆ ಕೂರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಸ್ಪಿರಿಟ್ ಹಾಕಿದ ಬಟ್ಟೆಯಿಂದ ಪ್ಲಾಸ್ಟಿಕ್ ಒರೆಸಿದೆ. ಸೀಟ್ ಬೆಲ್ಟಿಗೆ ಸೋಪಿನ ನೀರು ಮಾತ್ರ. ಬ್ಲೀಚಿಂಗ್ ತಾಗಿದರೆ ಅದರ ನೂಲು ಬಲ ಕಳೆದುಕೊಳ್ಳುತ್ತದೆ. ಜೀವ ಹಿಡಿಯುವ ಪಟ್ಟಿ ಅದು, ಚಂದ ಕಾಣುವುದು ಆಮೇಲೆ. ಆಗಸ್ಟ್ ಕೊನೆಗೆ ಬಿಸಿಲು ಸಿಕ್ಕಿದ ದಿನ ಬಾಗಿಲು ತೆರೆದು ಬೆಲ್ಟ್‌ಗಳನ್ನು ಪೂರ್ತಿ ಎಳೆದು ಒಣಗಿಸಿದ ಮೇಲೆ ಮತ್ತೆ ಬರಲಿಲ್ಲ. ಸಿಲಿಕಾ ಜೆಲ್ ಪೊಟ್ಟಣ, ಗೆರಟೆಯ ಇದ್ದಿಲು ಎಲ್ಲ ಇಡಬಹುದು, ನಾನೂ ಇಟ್ಟಿದ್ದೆ. ಆದರೆ ಇಂಥ ಹವೆಯಲ್ಲಿ ಜೆಲ್ ಕೆಲವೇ ದಿನದಲ್ಲಿ ನೀರು ಕುಡಿದು ಸುಸ್ತಾಗುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಇಡದಿದ್ದರೆ ಇಟ್ಟೂ ಪ್ರಯೋಜನವಿಲ್ಲ. ಇದ್ದಿಲು ವಾಸನೆ ಹಿಡಿಯುತ್ತದೆ, ತೇವಕ್ಕೆ ಅಷ್ಟಕ್ಕಷ್ಟೆ.

ಹೊರಗೆ ತೆಗೆದದ್ದು

ನವರಾತ್ರಿಗೆ ದಾರಿ ಒಣಗಿತು. ಮೆಕ್ಯಾನಿಕ್ಕನ್ನು ಕರೆದುಕೊಂಡೇ ಹೋದೆ. ಸ್ಟಾರ್ಟ್ ಮಾಡುವ ಮೊದಲು ಏರ್ ಫಿಲ್ಟರ್ ಡಬ್ಬಿ ತೆರೆದು ಗೂಡಿಲ್ಲವೆಂದು ನೋಡಿದೆವು, ಸೈಲೆನ್ಸರಿನ ಜಾಲರಿ ತೆಗೆದೆವು. ಇದನ್ನು ಮರೆಯುವವರು ಉಂಟು. ಕಡಿದ ಪೈಪ್ ಬದಲಿಸಿ, ಕೆರೆದ ತಂತಿಗೆ ಹೊಸ ಹೊದಿಕೆ ಹಾಕಿದ. ಆಯಿಲ್, ಬ್ರೇಕ್ ಆಯಿಲ್, ಕೂಲಂಟ್ ಮಟ್ಟ ಸರಿ ಇತ್ತು. ಬ್ಯಾಟರಿ ಕೂಡಿಸಿದಾಗ 12.5. ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಬ್ರೇಕ್ ಡಿಸ್ಕಿನ ಮೇಲಿನ ಕೆಂಪು ಪೊರೆ ಕಿರ್ರೆಂದು ಸದ್ದು ಮಾಡಿ ತೋಡು ದಾಟುವುದರೊಳಗೆ ಹೋಯಿತು. ಡ್ರಮ್ ಅಂಟಿರಲಿಲ್ಲ. ಎ.ಸಿ.ಯಿಂದ ಒದ್ದೆ ಗೋಣಿಯ ವಾಸನೆ ಬಂತು, ಕ್ಯಾಬಿನ್ ಫಿಲ್ಟರ್ ಬದಲಿಸಿದ ಮೇಲೆ ಕಡಿಮೆಯಾಯಿತು. ಗ್ಯಾರೇಜಿನ ಖರ್ಚು ಎಲ್ಲ ಸೇರಿ ಹೊಸ ಬ್ಯಾಟರಿಯ ಅರ್ಧ ಬೆಲೆಯೂ ಆಗಲಿಲ್ಲ.

ಕಾಗದಪತ್ರದ ಒಂದು ಮಾತು. ಅಲ್ಲಿ ನಿಂತ ಕಾರಿಗೆ ವಿಮೆಯನ್ನು ಇಳಿಸಿಕೊಳ್ಳಬಹುದಂತೆ. ಇಲ್ಲೂ ಹಾಗೆ ಮಾಡಬಹುದಾ ಎಂದು ಭಾವ ಕೇಳಿದ. ಬೇಡವೆಂದೆ. ಮಾವನ ಪಾಲಿಸಿ ಸೆಪ್ಟೆಂಬರಿನಲ್ಲಿ ಮುಗಿಯುವುದಿತ್ತು. ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಸೇರಿದ ನೋ-ಕ್ಲೈಮ್ ಬೋನಸ್ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಶೆಡ್ಡಿನ ಮೇಲೆ ತೆಂಗಿನ ಮರ ಬೀಳುವುದಾದರೆ ಅದು ಮಳೆಗಾಲದಲ್ಲೇ ಬೀಳುವುದು. ಭಾವ ಅಲ್ಲಿಂದಲೇ ಹಣ ಕಟ್ಟಿದ. ಹೊಗೆ ಪರೀಕ್ಷೆಯ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಹೊರಗೆ ತೆಗೆದ ದಿನವೇ ಮಾಡಿಸಿದೆ.

ಈಗ ಆಚೆ ಮನೆಯ ಅಬುದಾಬಿಯವರು ಬರುವ ಮಳೆಗಾಲಕ್ಕೆ ತಮ್ಮ ಕಾರಿಗೂ ಇದೇ ರೀತಿ ಮಾಡಿಕೊಡಬೇಕೆಂದು ಕೇಳಿದ್ದಾರೆ. ಆಗಬಹುದು ಎಂದೆ. ಅವರ ಶೆಡ್ಡಿನ ಅರ್ಧ ಭಾಗ ತೆಂಗಿನಕಾಯಿ ರಾಶಿ, ಅದನ್ನು ಖಾಲಿ ಮಾಡಿಸದೆ ಬೇರೆ ಏನೂ ಶುರು ಮಾಡುವುದಿಲ್ಲ ಎಂದೂ ಹೇಳಿದ್ದೇನೆ. ರೇಟು ಏರಲಿ, ಆಮೇಲೆ ಕೊಡುತ್ತೇವೆ ಎನ್ನುತ್ತಿದ್ದಾರೆ.